ತಲೆ ತಿರುಗಿದಷ್ಟೇ ನೋಟ ತಿರುಗೀತೇ?

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಪೂರ್ವ-ಪಶ್ಚಿಮವಾಗಿ ಚಾಚಿದೆ. ಉದ್ದ 1740 ಮೀಟರ್, ಅಗಲ 30 ಮೀಟರ್. ಸಣ್ಣ ವಿಮಾನವೊಂದು ಎಡಸುತ್ತು ಹಾಕಿ ಪಶ್ಚಿಮಕ್ಕೆ ಮುಖ ಮಾಡಿ ಇಲ್ಲಿ ಇಳಿಯಬೇಕಾಗಿದೆ ಎಂದುಕೊಳ್ಳೋಣ. ಅದು ರನ್‌ವೇಯ ದಕ್ಷಿಣಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಸರಿದು, ನೆಲದಿಂದ 300 ಮೀಟರ್ ಎತ್ತರದಲ್ಲಿ, ರನ್‌ವೇಗೆ ಸಮಾಂತರವಾಗಿ ಪೂರ್ವದತ್ತ ಸಾಗುತ್ತದೆ. ಪೈಲಟ್ ಎಡಕ್ಕೆ ಕತ್ತು ತಿರುಗಿಸಿದರೆ ರನ್‌ವೇ, ಅದರಾಚೆಗೆ ಚಾಮುಂಡಿ ಬೆಟ್ಟ. ಇಳಿಯಬೇಕಾದ ತುದಿಯು ಎಡಭುಜದ ಹಿಂದಕ್ಕೆ 45 ಡಿಗ್ರಿ ಸರಿದಾಗ, ಅಂದರೆ ಮೂಗಿನ ನೇರದಿಂದ 135 ಡಿಗ್ರಿ ಆದಾಗ, ಪೈಲಟ್ ವಿಮಾನವನ್ನು ಎಡಕ್ಕೆ ಹೊರಳಿಸುತ್ತಾನೆ. ತಿರುಗಬೇಕಾದ ಕ್ಷಣವನ್ನು ಹೇಳುವುದು ಯಾವ ಮೀಟರೂ ಅಲ್ಲ, ಕತ್ತು ಮತ್ತು ಕಣ್ಣು.

ಇದೇ ಸುತ್ತನ್ನು ಮನೆಯ ಕಂಪ್ಯೂಟರಿನಲ್ಲಿ ಹಾರಲು ಹೊರಟರೆ ಮೊದಲ ತೊಡಕು ಎದುರಾಗುವುದು ಇಲ್ಲಿಯೇ. 24 ಅಂಗುಲದ ಪರದೆಯ ಅಗಲ ಸುಮಾರು 53 ಸೆಂ.ಮೀ. 60 ಸೆಂ.ಮೀ. ದೂರದಲ್ಲಿ ಕುಳಿತವರ ಕಣ್ಣಿಗೆ ಅದು 48 ಡಿಗ್ರಿಯಷ್ಟು ಅಗಲದ ಕಿಟಕಿ. ತಂತ್ರಾಂಶವು ದೃಶ್ಯವನ್ನು ಕುಗ್ಗಿಸಿ 70-80 ಡಿಗ್ರಿಯನ್ನು ಆ ಕಿಟಕಿಯೊಳಗೆ ತುರುಕಿದರೂ 135 ಡಿಗ್ರಿಯಲ್ಲಿರುವ ರನ್‌ವೇ ತುದಿ ಅದರಲ್ಲಿ ಕಾಣದು. ಜಾಯ್‌ಸ್ಟಿಕ್ಕಿನ ತಲೆಯ ಮೇಲಿರುವ ಗುಂಡಿಯನ್ನು ಒತ್ತಿ ನೋಟವನ್ನು ಅತ್ತಿತ್ತ ತಿರುಗಿಸಬಹುದು. ಆದರೆ ಆ ಬೆರಳಿಗೆ ಬೇರೆ ಕೆಲಸವೂ ಇರುತ್ತದೆ, ನೋಟವೂ ಜಿಗಿಜಿಗಿದು ಹೋಗುತ್ತದೆ.

ಈ ಕೊರತೆಯನ್ನು ತುಂಬಲು ಬಂದದ್ದು ಹೆಡ್ ಟ್ರ್ಯಾಕರ್. ತಲೆ ಸ್ವಲ್ಪ ಎಡಕ್ಕೆ ತಿರುಗಿದರೆ ಪರದೆಯ ಮೇಲಿನ ನೋಟ ಬಹಳಷ್ಟು ಎಡಕ್ಕೆ ತಿರುಗುವಂತೆ ಮಾಡುವ ಸಾಧನ ಇದು. ಮಾರುವವರು ಇದರ ಬಗ್ಗೆ ಮೂರು ಮಾತು ಹೇಳುತ್ತಾರೆ: ಆರು ಬಗೆಯ ಚಲನ ಸ್ವಾತಂತ್ರ್ಯವನ್ನು ಅಳೆಯುತ್ತದೆ, ಸೆಕೆಂಡಿಗೆ ಇಷ್ಟು ಫ್ರೇಮ್ ಹಿಡಿಯುತ್ತದೆ, ನಿಜವಾದ ಕಾಕ್‌ಪಿಟ್‌ನಲ್ಲಿ ಕುಳಿತಂತೆ ಆಗುತ್ತದೆ. ಮೊದಲನೆಯದು ನಿಜ, ಆದರೆ ಅದರಿಂದ ಗುಣಮಟ್ಟ ತಿಳಿಯದು. ಎರಡನೆಯದು ನಿಜ, ಆದರೆ ಅದರ ಮಹತ್ವಕ್ಕೆ ಕೊಡುವ ಕಾರಣ ತಪ್ಪು. ಮೂರನೆಯದು ನಿಜವಲ್ಲ. ಮಂಡಕಳ್ಳಿಯಿಂದ ತರಬೇತಿ ವಿಮಾನಗಳು ಏಳುವುದನ್ನು ನೋಡುತ್ತಾ ಬೆಳೆಯುತ್ತಿರುವ ಮಕ್ಕಳು ಈ ಊರಿನಲ್ಲಿದ್ದಾರೆ. ಅವರ ಪೈಕಿ ಕೆಲವರ ಮನೆಯಲ್ಲಿ 'ಇದನ್ನು ಕೊಡಿಸಿದರೆ ಪೈಲಟ್ ತರಬೇತಿಗೆ ಸಹಾಯವಾದೀತೇ' ಎಂಬ ಪ್ರಶ್ನೆ ಎದ್ದಿರುತ್ತದೆ. ಆದ್ದರಿಂದ ಈ ಮೂರು ಮಾತುಗಳನ್ನು ಒರೆಗೆ ಹಚ್ಚುವುದು ಬರಿಯ ಆಟಿಕೆಯ ವಿಮರ್ಶೆಯಾಗದು.

ಮೂರು ಚುಕ್ಕಿಗಳ ಲೆಕ್ಕ

ತಲೆಯ ಚಲನೆಗೆ ತಕ್ಕಂತೆ ಚಿತ್ರ ಬದಲಿಸುವ ಯೋಚನೆ ಹಳೆಯದು. ಅಮೆರಿಕದ ಐವನ್ ಸದರ್‌ಲೆಂಡ್ 1968ರಲ್ಲಿ ಪ್ರಕಟಿಸಿದ ಸಾಧನದಲ್ಲಿ ತಲೆಗೆ ತೊಡುವ ಪರದೆಯನ್ನು ಚಾವಣಿಯಿಂದ ಇಳಿಬಿಟ್ಟ ಯಾಂತ್ರಿಕ ತೋಳಿಗೆ ಜೋಡಿಸಿ ತಲೆಯ ಸ್ಥಾನವನ್ನು ಅಳೆಯುತ್ತಿದ್ದರು. ಮನೆಯ ಮೇಜಿಗೆ ಇದು ಇಳಿದದ್ದು ಈ ಶತಮಾನದ ಮೊದಲ ದಶಕದಲ್ಲಿ, ಅವಕೆಂಪು ಕ್ಯಾಮೆರಾ ಅಗ್ಗವಾದ ಮೇಲೆ. ಟ್ರ್ಯಾಕ್‌ಐಆರ್ ಎಂಬ ಅಮೆರಿಕದ ಸಾಧನ ಮಾರುಕಟ್ಟೆಯಲ್ಲಿ ಹೆಸರು ಮಾಡಿತು. ಅದೇ ಕೆಲಸವನ್ನು ಮನೆಯಲ್ಲಿ ಮಾಡಿದ ಎಲ್.ಇ.ಡಿ. ಮತ್ತು ಸಾಮಾನ್ಯ ವೆಬ್‌ಕ್ಯಾಮಿನಿಂದ ಮಾಡಿಸಲು ಫ್ರೀಟ್ರ್ಯಾಕ್, ಫೇಸ್‌ಟ್ರ್ಯಾಕ್‌ನೋಐಆರ್, ಇಂದು ಬಹಳ ಮಂದಿ ಬಳಸುವ ಓಪನ್‌ಟ್ರ್ಯಾಕ್ ಮುಂತಾದ ಉಚಿತ ತಂತ್ರಾಂಶಗಳು ಬಂದವು.

ಆರು ಚಲನೆಗಳಲ್ಲಿ ಮೂರು ಸರಿತಗಳು: ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ. ಉಳಿದ ಮೂರು ತಿರುಗುವಿಕೆಗಳು. ಇವನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. 'ಇಲ್ಲ' ಎಂದು ತಲೆ ಅಲ್ಲಾಡಿಸುವುದು ಒಂದು, 'ಹೌದು' ಎಂದು ತೂಗುವುದು ಇನ್ನೊಂದು, ಎರಡೂ ಅಲ್ಲದ ನಮ್ಮದೇ ಆದ 'ಆಯ್ತು, ಆಯ್ತು' ಎಂದು ಭುಜದ ಕಡೆಗೆ ವಾಲಿಸುವುದು ಮೂರನೆಯದು. ಕ್ಯಾಮೆರಾ ಕಾಣುವುದು ಮಾತ್ರ ಚಪ್ಪಟೆ ಚಿತ್ರವೊಂದನ್ನು. ಆ ಚಿತ್ರದಿಂದ ಆರು ಸಂಖ್ಯೆಗಳನ್ನು ಹೊರತೆಗೆಯಬೇಕು. ಚಿತ್ರದಲ್ಲಿ ಪ್ರತಿ ಚುಕ್ಕಿಯೂ ಎರಡು ಸಂಖ್ಯೆಗಳನ್ನು ಕೊಡುತ್ತದೆ, ಮೂರು ಚುಕ್ಕಿಗಳು ಆರನ್ನು. ಆದ್ದರಿಂದ ಕನಿಷ್ಠ ಮೂರು ಚುಕ್ಕಿಗಳು ಬೇಕು. ಮೂರು ಸಾಕು ಎಂದು ಮಾತ್ರ ತಿಳಿಯಬೇಡಿ. ಈ ಸಮೀಕರಣಗಳಿಗೆ ನಾಲ್ಕರವರೆಗೆ ಉತ್ತರಗಳಿರಬಹುದು. ಯಾವುದು ಸರಿ ಎಂಬುದನ್ನು ಹಿಂದಿನ ಫ್ರೇಮ್ ನೋಡಿ ಊಹಿಸಬೇಕು.

ಮೂರು ಅವಕೆಂಪು ಎಲ್.ಇ.ಡಿ.ಗಳನ್ನು ಹೆಡ್‌ಫೋನಿನ ಬದಿಗೆ ಕಡ್ಡಿಯೊಂದರಲ್ಲಿ ಕಟ್ಟುವುದು ರೂಢಿ. ಖರ್ಚು ಕಡಿಮೆ. 940 ನ್ಯಾನೋಮೀಟರ್ ತರಂಗದೂರದ ಎಲ್.ಇ.ಡಿ.ಯೊಂದಕ್ಕೆ ಸುಮಾರು 1.3 ವೋಲ್ಟ್ ಬೇಕು. ಮೂರನ್ನು ಸರಣಿಯಲ್ಲಿ ಜೋಡಿಸಿದರೆ 3.9. ಯು.ಎಸ್.ಬಿ. ಕೊಡುವ 5 ವೋಲ್ಟಿನಲ್ಲಿ ಉಳಿದ 1.1 ವೋಲ್ಟನ್ನು 22 ಓಮ್ ರೋಧಕ ನುಂಗಿದರೆ 50 ಮಿಲಿಆಂಪಿಯರ್ ಹರಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಾಗಿಲ್ಲ, ಊರಿನ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ ಇಷ್ಟು ಸಿಗುತ್ತದೆ. ಕಿರಿದಾದ ಕೋನದಲ್ಲಿ ಬೆಳಕು ಚೆಲ್ಲುವ ಎಲ್.ಇ.ಡಿ.ಯಾದರೆ ತಲೆ ತಿರುಗಿದಾಗ ಕ್ಯಾಮೆರಾಗೆ ಮಂಕಾಗುತ್ತದೆ. ಅದರ ಗುಮ್ಮಟವನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದರೆ ಬೆಳಕು ಹರಡುತ್ತದೆ. ವೆಬ್‌ಕ್ಯಾಮಿನ ಒಳಗಿರುವ ಅವಕೆಂಪು ತಡೆಯುವ ಗಾಜನ್ನು ತೆಗೆದು, ಅದರ ಬದಲಿಗೆ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಫಿಲ್ಮ್ ಇಡಬೇಕು. ಹಳೆಯ ಕಲರ್ ನೆಗೆಟಿವ್ ರೋಲಿನ ಕೊನೆಯಲ್ಲಿರುವ ಕಪ್ಪು ತುಂಡು ಇದಕ್ಕೆ ಚೆನ್ನಾಗಿ ಒದಗುತ್ತದೆ. ಕಪ್ಪು-ಬಿಳುಪು ನೆಗೆಟಿವ್ ಆಗದು. ಕಲರ್ ಫಿಲ್ಮಿನ ಕಪ್ಪು ಬಣ್ಣದ್ರವ್ಯಗಳದ್ದು, ಅವು ಅವಕೆಂಪನ್ನು ಬಿಡುತ್ತವೆ. ಕಪ್ಪು-ಬಿಳುಪಿನ ಕಪ್ಪು ಬೆಳ್ಳಿಯ ಕಣಗಳದ್ದು, ಬೆಳ್ಳಿ ಬಿಡುವುದಿಲ್ಲ.

ಇಷ್ಟನ್ನು ಬಹುತೇಕ ಕೈಪಿಡಿಗಳು ಹೇಳುತ್ತವೆ. ಕಡ್ಡಿಯ ಆಕಾರ ಹೇಗಿರಬೇಕು ಎಂಬುದನ್ನು ಹೇಳಿ, ಏಕೆ ಎಂಬುದನ್ನು ಬಿಡುತ್ತವೆ. ಅಲ್ಲಿಯೇ ಭೌತವಿಜ್ಞಾನವಿರುವುದು.

640 ಪಿಕ್ಸೆಲ್ ಅಗಲ, 56 ಡಿಗ್ರಿ ನೋಟದ ಕ್ಯಾಮೆರಾ ಒಂದನ್ನು 60 ಸೆಂ.ಮೀ. ದೂರದಲ್ಲಿ ಇಟ್ಟರೆ ಅದಕ್ಕೆ ಸುಮಾರು 64 ಸೆಂ.ಮೀ. ಅಗಲ ಕಾಣುತ್ತದೆ. ಅಂದರೆ ಒಂದು ಮಿಲಿಮೀಟರಿಗೆ ಒಂದು ಪಿಕ್ಸೆಲ್. ಮೂರೂ ಎಲ್.ಇ.ಡಿ.ಗಳು ಒಂದೇ ಚಪ್ಪಟೆ ಹಲಗೆಯ ಮೇಲೆ ಕ್ಯಾಮೆರಾಗೆ ನೇರ ಮುಖ ಮಾಡಿವೆ, ಎತ್ತರ 8 ಸೆಂ.ಮೀ. ಎಂದುಕೊಳ್ಳಿ. ಚಿತ್ರದಲ್ಲಿ ಅದು 80 ಪಿಕ್ಸೆಲ್. ಈಗ ತಲೆಯನ್ನು 5 ಡಿಗ್ರಿ ಮೇಲಕ್ಕೆತ್ತಿದರೆ ಎತ್ತರವು ಕೊಸೈನ್ ಪ್ರಕಾರ ಕುಗ್ಗುತ್ತದೆ. 5 ಡಿಗ್ರಿಯ ಕೊಸೈನ್ 0.9962, ಕುಗ್ಗಿದ್ದು 0.3 ಪಿಕ್ಸೆಲ್ ಮಾತ್ರ. 5 ಡಿಗ್ರಿ ಕೆಳಗೆ ಬಾಗಿಸಿದರೂ ಅದೇ 0.3. ಮೇಲೋ ಕೆಳಗೋ ಎಂಬುದೇ ತಂತ್ರಾಂಶಕ್ಕೆ ತಿಳಿಯದು! ಗೆರೆಗಳಲ್ಲಿ ಬರೆದ ಘನಾಕೃತಿ ಒಮ್ಮೆ ಉಬ್ಬಿದಂತೆ, ಮರುಕ್ಷಣ ತಗ್ಗಿದಂತೆ ಕಾಣುವ ಚಿತ್ರವನ್ನು ಓದುಗರು ನೋಡಿರುತ್ತಾರೆ. ಇದೂ ಅದೇ ಗೊಂದಲ.

ಮಧ್ಯದ ಎಲ್.ಇ.ಡಿ.ಯನ್ನು ಉಳಿದೆರಡಕ್ಕಿಂತ 5 ಸೆಂ.ಮೀ. ಮುಂದಕ್ಕೆ ಚಾಚಿಸಿದರೆ ಚಿತ್ರವೇ ಬದಲು. ಆಗ ಲೆಕ್ಕಕ್ಕೆ ಬರುವುದು ಸೈನ್. 50 ಪಿಕ್ಸೆಲ್ ಆಳಕ್ಕೆ 5 ಡಿಗ್ರಿಯ ಸೈನ್ ಗುಣಿಸಿದರೆ ಮಧ್ಯದ ಚುಕ್ಕಿ 4.4 ಪಿಕ್ಸೆಲ್ ಸರಿಯುತ್ತದೆ, ಮೇಲಾದರೆ ಒಂದು ಕಡೆ, ಕೆಳಗಾದರೆ ಇನ್ನೊಂದು ಕಡೆ. ಸೂಕ್ಷ್ಮತೆ ಹದಿನಾಲ್ಕು ಪಟ್ಟಿಗಿಂತ ಹೆಚ್ಚಿತು, ಗೊಂದಲವೂ ಕಳೆಯಿತು. ಕಡ್ಡಿಯನ್ನು 'ನೋಡಲು ಅಚ್ಚುಕಟ್ಟಾಗಿರಲಿ' ಎಂದು ಚಪ್ಪಟೆಯಾಗಿ ಮಾಡಿದವರು, ಆಮೇಲೆ ಕ್ಯಾಮೆರಾ ಸರಿಯಿಲ್ಲ ಎಂದು ಬೈದು ಇನ್ನೂ ದುಬಾರಿಯದನ್ನು ತರಿಸುತ್ತಾರೆ. ಹಣ ಹೋಗುವುದು ಕ್ಯಾಮೆರಾಗೆ, ಕೊರತೆ ಇರುವುದು ಕಡ್ಡಿಯಲ್ಲಿ.

ಕಾಲ್ಪನಿಕ ಚುಕ್ಕಿಗಳ ಕಾಟವೂ ಉಂಟು. ಪಶ್ಚಿಮದ ಕಿಟಕಿಯಿಂದ ಬರುವ ಸಂಜೆ ಬಿಸಿಲು, ಕನ್ನಡಕದ ಗಾಜಿನ ಪ್ರತಿಫಲನ, ಹಳೆಯ ತಂತಿಬಲ್ಬು. ಎಲ್.ಇ.ಡಿ. ಬಲ್ಬಿನಿಂದ ತೊಂದರೆಯಿಲ್ಲ, ಅದರಲ್ಲಿ ಅವಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬೆನ್ನ ಹಿಂದೆ ದೇವರ ಮನೆಯ ಬಾಗಿಲು ತೆರೆದಿದ್ದು ಅಲ್ಲಿ ಎಣ್ಣೆದೀಪ ಉರಿಯುತ್ತಿದ್ದರೆ ಕ್ಯಾಮೆರಾ ಅದನ್ನೂ ಒಂದು ಚುಕ್ಕಿಯೆಂದು ಎಣಿಸುತ್ತದೆ. ಜ್ವಾಲೆ ಹೊಮ್ಮಿಸುವುದು ಬೆಳಕಿಗಿಂತ ಹೆಚ್ಚಾಗಿ ಅವಕೆಂಪನ್ನೇ.

ಗುಣಿಸಿದ ನಡುಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಪರದೆ ಎದುರಿಗೆ ಅಲುಗದೆ ನಿಂತಿದೆ. ಕಣ್ಣು ಪರದೆಯನ್ನು ಬಿಡುವಂತಿಲ್ಲ. ಆದ್ದರಿಂದ ತಲೆ ತಿರುಗಬಹುದಾದದ್ದು ಆರಾಮಾಗಿ 20-25 ಡಿಗ್ರಿ. ಅಷ್ಟರಲ್ಲಿ ನೋಟ 135 ಡಿಗ್ರಿ ತಿರುಗಬೇಕು. 22.5 ಡಿಗ್ರಿಗೆ 135 ಎಂದರೆ ಆರು ಪಟ್ಟು. ಇದನ್ನು ವರ್ಧನೆ ಎನ್ನೋಣ. ಸಾಧನದ ಗುಣದೋಷಗಳೆಲ್ಲ ಈ ಒಂದು ಸಂಖ್ಯೆಯಿಂದ ಗುಣಿಸಲ್ಪಡುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸುವ ಗುಣವಿವರಗಳಲ್ಲಿ ಇದಕ್ಕೆ ಜಾಗವಿಲ್ಲ, ಏಕೆಂದರೆ ಇದು ತಯಾರಕರ ಸಂಖ್ಯೆಯಲ್ಲ. ಬಳಸುವವರು ತಂತ್ರಾಂಶದಲ್ಲಿ ಎಳೆಯುವ ವಕ್ರರೇಖೆಯ ಸಂಖ್ಯೆ.

ವಕ್ರರೇಖೆ ಎಂದೆ. ಮಾಪಕಗಳನ್ನು ಓದುವಾಗ ನೋಟ ಅಲುಗಬಾರದಲ್ಲವೇ? ಅದಕ್ಕಾಗಿ ನಡುವಿನ ಕೆಲವು ಡಿಗ್ರಿಗಳಲ್ಲಿ ವರ್ಧನೆಯನ್ನು ತಗ್ಗಿಸುವುದು ವಾಡಿಕೆ. ಮೊದಲ 5 ಡಿಗ್ರಿಗೆ 5 ಡಿಗ್ರಿಯೇ ಇರಲಿ ಎಂದು ಬಿಟ್ಟರೆ ಉಳಿದ 17.5 ಡಿಗ್ರಿಯಲ್ಲಿ 130 ಡಿಗ್ರಿಯನ್ನು ಮುಗಿಸಬೇಕು. ಅಲ್ಲಿ ಇಳಿಜಾರು 7.4 ಆಯಿತು. ನಡುವೆ ಕೊಟ್ಟ ನೆಮ್ಮದಿಯನ್ನು ಅಂಚಿನಲ್ಲಿ ಬಡ್ಡಿ ಸಹಿತ ವಸೂಲು ಮಾಡಿದಂತೆ.

ಚುಕ್ಕಿಯೊಂದರ ಕೇಂದ್ರವನ್ನು ಒಳ್ಳೆಯ ತಂತ್ರಾಂಶ ಪಿಕ್ಸೆಲಿನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಗುರುತಿಸಬಲ್ಲದು ಎಂದು ಉದಾರವಾಗಿಯೇ ಲೆಕ್ಕ ಹಿಡಿಯೋಣ. ಮೇಲಿನ ಕಡ್ಡಿಯಲ್ಲಿ ಒಂದು ಡಿಗ್ರಿಗೆ ಚಾಚಿದ ಚುಕ್ಕಿ 0.9 ಪಿಕ್ಸೆಲ್ ಸರಿಯುತ್ತದೆ. ಆದ್ದರಿಂದ 0.1 ಪಿಕ್ಸೆಲಿನ ನಡುಕವೆಂದರೆ 0.11 ಡಿಗ್ರಿ. 7.4ರಿಂದ ಗುಣಿಸಿದರೆ ಪರದೆಯ ಮೇಲೆ 0.8 ಡಿಗ್ರಿ. ಇದು ದೊಡ್ಡದೋ ಚಿಕ್ಕದೋ? ಮಂಡಕಳ್ಳಿಯ ರನ್‌ವೇಯನ್ನೇ ಕೇಳೋಣ. ಒಂದೂವರೆ ಕಿ.ಮೀ. ದೂರದಿಂದ, 300 ಮೀ. ಎತ್ತರದಿಂದ ಓರೆಯಾಗಿ ನೋಡಿದಾಗ ಅದರ 30 ಮೀ. ಅಗಲ ಸುಮಾರು 6 ಮೀಟರಿನಷ್ಟಾಗಿ ಕಾಣುತ್ತದೆ, ಕೋನದಲ್ಲಿ 0.22 ಡಿಗ್ರಿ. ನಡುಕವು ರನ್‌ವೇಯ ಅಗಲದ ಮೂರೂವರೆ ಪಟ್ಟು! ಬೆಟ್ಟವೂ ರನ್‌ವೇಯೂ ಭೂಕಂಪವಾದಂತೆ ಕುಲುಕುತ್ತಿರುತ್ತವೆ.

ಹಾಗಾಗಿ ಫಿಲ್ಟರ್ ಹಾಕಬೇಕು. ಸರಳವಾದ ಫಿಲ್ಟರ್ ಎಂದರೆ ಹಲವು ಫ್ರೇಮುಗಳ ಸರಾಸರಿ. ನಡುಕವನ್ನು ಕಾಲು ಭಾಗಕ್ಕೆ ಇಳಿಸಲು 16 ಫ್ರೇಮುಗಳ ಸರಾಸರಿ ಬೇಕು, ಏಕೆಂದರೆ ನಡುಕ ಇಳಿಯುವುದು ಸಂಖ್ಯೆಯ ವರ್ಗಮೂಲದಂತೆ. 16 ಫ್ರೇಮುಗಳ ಸರಾಸರಿಯು ಏಳೂವರೆ ಫ್ರೇಮಿನಷ್ಟು ಹಿಂದೆ ಉಳಿಯುತ್ತದೆ. ಸೆಕೆಂಡಿಗೆ 30 ಫ್ರೇಮಿನ ಸಾಧಾರಣ ವೆಬ್‌ಕ್ಯಾಮಿನಲ್ಲಿ ಅದು ಕಾಲು ಸೆಕೆಂಡು. ಸೆಕೆಂಡಿಗೆ 20 ಡಿಗ್ರಿ ವೇಗದಲ್ಲಿ ತಲೆ ತಿರುಗಿದರೆ ನೋಟ 148 ಡಿಗ್ರಿ ವೇಗದಲ್ಲಿ ತಿರುಗಬೇಕು. ಕಾಲು ಸೆಕೆಂಡಿನ ವಿಳಂಬದಲ್ಲಿ ಅದು 37 ಡಿಗ್ರಿ ಹಿಂದೆ ಬಿದ್ದಿರುತ್ತದೆ. ತಲೆ ನಿಂತ ಮೇಲೂ ಬೆಟ್ಟ ಜಾರುತ್ತಲೇ ಇರುತ್ತದೆ.

ಫ್ರೇಮ್ ಸಂಖ್ಯೆಯ ಮಹತ್ವ ಇಲ್ಲಿದೆ. ಟ್ರ್ಯಾಕ್‌ಐಆರ್ 5 ಸೆಕೆಂಡಿಗೆ 120 ಫ್ರೇಮ್ ಹಿಡಿಯುತ್ತದೆ. ಹಳೆಯ ಪ್ಲೇಸ್ಟೇಷನ್ ಐ ಕ್ಯಾಮೆರಾ 640×480 ಪಿಕ್ಸೆಲಿನಲ್ಲಿ 60 ಹಿಡಿಯುತ್ತದೆ. ಪರದೆ ತೋರಿಸುವುದೇ ಸೆಕೆಂಡಿಗೆ 60 ಚಿತ್ರವಾದರೆ 120 ಏಕೆ ಎಂದು ಕೇಳುವವರಿದ್ದಾರೆ. 'ಚಲನೆ ನಯವಾಗಿರುತ್ತದೆ' ಎಂಬುದು ಜಾಹೀರಾತಿನ ಉತ್ತರ. ಸರಿಯಾದ ಉತ್ತರವೆಂದರೆ, 120 ಇದ್ದರೆ ಅದೇ 16 ಫ್ರೇಮುಗಳ ಸರಾಸರಿ 62 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. 37 ಡಿಗ್ರಿಯ ಹಿಂಬಾಕಿ 9ಕ್ಕೆ ಇಳಿಯುತ್ತದೆ. ಹೆಚ್ಚು ಫ್ರೇಮು ಕೊಳ್ಳುವುದೆಂದರೆ ಸರಾಸರಿ ಮಾಡುವ ಸ್ವಾತಂತ್ರ್ಯವನ್ನು ಕೊಳ್ಳುವುದು. ಓಪನ್‌ಟ್ರ್ಯಾಕಿನಲ್ಲಿರುವ ಅಕ್ಸೆಲಾ ಎಂಬ ಫಿಲ್ಟರ್ ಇನ್ನೂ ಜಾಣತನದ್ದು. ತಲೆ ನಿಧಾನವಾಗಿದ್ದಾಗ ಹೆಚ್ಚು ಸೋಸುತ್ತದೆ, ವೇಗವಾಗಿ ತಿರುಗಿದಾಗ ಕಡಿಮೆ. ರನ್‌ವೇಯನ್ನು ದಿಟ್ಟಿಸುವಾಗ ನಡುಕ ಬೇಡ, ತಿರುಗುವಾಗ ವಿಳಂಬ ಬೇಡ ಎಂಬ ನಮ್ಮ ಅಗತ್ಯವನ್ನು ಅರಿತ ಯೋಜನೆ. ಇಂಥ ಒಂದು ಫಿಲ್ಟರ್ ಉಚಿತವಾಗಿ ಸಿಗುವಾಗ, ದುಬಾರಿ ಸಾಧನಕ್ಕೂ ಕಡ್ಡಿಗೂ ಇರುವ ಅಂತರ ಬೆಲೆಯ ಅಂತರದಷ್ಟು ದೊಡ್ಡದಲ್ಲ ಎಂಬುದು ನನ್ನ ತೀರ್ಮಾನ.

ಕಡ್ಡಿಯೇ ಇಲ್ಲದೆ ಮುಖವನ್ನು ಗುರುತಿಸುವ ವಿಧಾನ ಈಚೆಗೆ ಜನಪ್ರಿಯವಾಗಿದೆ. ನರಜಾಲ ಮಾದರಿಯ ತಂತ್ರಾಂಶ ಸಾಮಾನ್ಯ ವೆಬ್‌ಕ್ಯಾಮಿನ ಚಿತ್ರದಿಂದಲೇ ತಲೆಯ ಕೋನ ಹೇಳುತ್ತದೆ. ಬೆಸುಗೆ ಬೇಡ, ತಂತಿ ಬೇಡ. ಆದರೆ ಕೋಣೆಯಲ್ಲಿ ಬೆಳಕು ಕಡಿಮೆಯಾದರೆ ವೆಬ್‌ಕ್ಯಾಮ್ ಸದ್ದಿಲ್ಲದೆ ಸೆಕೆಂಡಿಗೆ 30 ಫ್ರೇಮನ್ನು 15ಕ್ಕೆ ಇಳಿಸಿಬಿಡುತ್ತದೆ, ವಿಳಂಬ ಇಮ್ಮಡಿಯಾಗುತ್ತದೆ. ಮುಖಕ್ಕೆ ಒಂದು ಮೇಜುದೀಪ ಹಚ್ಚಿಟ್ಟರೆ ಆಗುವ ಲಾಭ ಹೊಸ ಕ್ಯಾಮೆರಾದಿಂದಲೂ ಆಗದೇ ಹೋಗಬಹುದು. ಇನ್ನು ಮೊಬೈಲನ್ನೇ ತಲೆಗೆ ಕಟ್ಟಿಕೊಂಡು ಅದರ ಗೈರೋಸ್ಕೋಪಿನಿಂದ ಅಳೆಯುವವರೂ ಇದ್ದಾರೆ. ಹತ್ತು ನಿಮಿಷದಲ್ಲಿ 'ನೇರ' ಎಂಬುದು ಎತ್ತಲೋ ಜಾರಿರುತ್ತದೆ. ಅದನ್ನು ಶಿಫಾರಸು ಮಾಡಲಾರೆ.

ಕೈಪಿಡಿಗಳ ಕ್ರಮ ತಲೆಕೆಳಗು

ಜೋಡಣೆಯ ಕೈಪಿಡಿಗಳು ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ: ಕ್ಯಾಮೆರಾ ನಿಲ್ಲಿಸಿ, ವಕ್ರರೇಖೆ ಎಳೆಯಿರಿ, ಹಾರಿ ನೋಡಿ, ನಡುಗಿದರೆ ಫಿಲ್ಟರ್ ಹೆಚ್ಚಿಸಿ. ಇದರಲ್ಲಿ ಮೊದಲು ದೋಷವನ್ನು ಏಳು ಪಟ್ಟು ಹಿಗ್ಗಿಸಿ, ಆಮೇಲೆ ಅದನ್ನು ಮುಚ್ಚಲು ವಿಳಂಬವನ್ನು ತಂದುಕೊಂಡಂತಾಯಿತು. ಯಾವ ಪ್ರಯೋಗಶಾಲೆಯಲ್ಲೂ ಹೀಗೆ ಮಾಡುವುದಿಲ್ಲ. ವರ್ಧನೆಯನ್ನು ಒಂದಕ್ಕೆ, ಫಿಲ್ಟರನ್ನು ಸೊನ್ನೆಗೆ ಇಟ್ಟು, ಕಡ್ಡಿಯನ್ನು ತಲೆಯಿಂದ ತೆಗೆದು ಕುರ್ಚಿಯ ಬೆನ್ನಿಗೆ ಕಟ್ಟಿ, ತಂತ್ರಾಂಶ ತೋರಿಸುವ ಕೋನ ಎಷ್ಟು ಅಲೆದಾಡುತ್ತದೆ ಎಂದು ಮೊದಲು ನೋಡಬೇಕು. ಅದು ಸಾಧನದ ನಡುಕ. ಅದನ್ನು ಬೆಳಕು, ಫೋಕಸ್, ಕಡ್ಡಿಯ ಆಕಾರ ಇವುಗಳಿಂದ ಎಷ್ಟು ಇಳಿಸಲು ಸಾಧ್ಯವೋ ಅಷ್ಟು ಇಳಿಸಿದ ಮೇಲೆ ವಕ್ರರೇಖೆಗೆ ಕೈಹಾಕಬೇಕು. ಫಿಲ್ಟರಿನ ಸರದಿ ಕೊನೆಗೆ.

ಇನ್ನೊಂದು ಹಂತವನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ತಲೆ ತಿರುಗುವುದು ಕತ್ತಿನ ಅಕ್ಷದ ಸುತ್ತ; ಕಡ್ಡಿ ಇರುವುದು ಅದರಿಂದ ದೂರ, 12 ಸೆಂ.ಮೀ. ಎನ್ನೋಣ. 22.5 ಡಿಗ್ರಿ ತಿರುಗಿದಾಗ ಕಡ್ಡಿ 4.6 ಸೆಂ.ಮೀ. ಪಕ್ಕಕ್ಕೂ ಸರಿಯುತ್ತದೆ. ಈ ಅಂತರವನ್ನು ತಂತ್ರಾಂಶಕ್ಕೆ ಹೇಳಿಕೊಡದಿದ್ದರೆ ಅದು 'ತಲೆ ತಿರುಗಿತು, ಜೊತೆಗೆ ಪಕ್ಕಕ್ಕೂ ಸರಿಯಿತು' ಎಂದೇ ತಿಳಿಯುತ್ತದೆ. ಎಡಕ್ಕೆ ನೋಡಿದಾಗಲೆಲ್ಲ ಕಾಕ್‌ಪಿಟ್ಟಿನ ಕುರ್ಚಿಯೂ ಜಾರಿದಂತಾಗುತ್ತದೆ. ಓಪನ್‌ಟ್ರ್ಯಾಕಿನಲ್ಲಿ ಇದನ್ನು ಅಳೆದು ಸರಿಪಡಿಸುವ ಸೌಲಭ್ಯವಿದೆ, ಅರ್ಧ ನಿಮಿಷದ ಕೆಲಸ.

ಕಿವಿ ಏನೆನ್ನುತ್ತದೆ?

ಇಷ್ಟೆಲ್ಲ ಸರಿಪಡಿಸಿದ ಮೇಲೆ ಮೂರನೆಯ ಮಾತು ಉಳಿಯಿತು: ನಿಜವಾದ ಕಾಕ್‌ಪಿಟ್‌ನಲ್ಲಿ ಕುಳಿತಂತೆ. ಇದನ್ನು ಒಪ್ಪಲಾಗದ ಕಾರಣ ನಮ್ಮ ಒಳಕಿವಿಯಲ್ಲಿದೆ. ಅಲ್ಲಿರುವ ಅರ್ಧವೃತ್ತಾಕಾರದ ಮೂರು ನಾಳಗಳು ತಲೆಯ ತಿರುಗುವಿಕೆಯನ್ನು ಅಳೆಯುತ್ತವೆ. ಕಣ್ಣುಗಳು ಆ ಅಳತೆಗೆ ಓಗೊಟ್ಟು ಅಷ್ಟೇ ಕೋನ ಎದುರು ದಿಕ್ಕಿಗೆ ತಿರುಗಿ ದೃಶ್ಯವನ್ನು ಅಲುಗದಂತೆ ಹಿಡಿಯುತ್ತವೆ. ನಡೆಯುತ್ತಾ ಅಂಗಡಿಯ ಬೋರ್ಡು ಓದಲು ನಮಗೆ ಸಾಧ್ಯವಾಗುವುದು ಇದರಿಂದಲೇ. ಈ ಪ್ರತಿವರ್ತನೆಗೆ ಹಿಡಿಯುವ ಕಾಲ ಸುಮಾರು 10 ಮಿಲಿಸೆಕೆಂಡು, ವರ್ಧನೆ ಒಂದು. ತಲೆಸುತ್ತಿನ ತೊಂದರೆ ಇರುವವರಿಗೆ ಅವಕೆಂಪು ಕ್ಯಾಮೆರಾ ಇರುವ ಕನ್ನಡಕ ತೊಡಿಸಿ ಕಣ್ಣಿನ ಈ ಚಲನೆಯನ್ನು ದಾಖಲಿಸುವ ಪರೀಕ್ಷೆಯಿದೆ. ನಮ್ಮ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಮಾತು ಮತ್ತು ಕೇಳುವಿಕೆಯ ಆಸ್ಪತ್ರೆಯೆಂದಷ್ಟೇ ಬಲ್ಲ ಮೈಸೂರಿಗರು, ಕಿವಿಯ ಇನ್ನೊಂದು ಕೆಲಸವಾದ ಸಮತೋಲನದ ಅಧ್ಯಯನವೂ ಅಲ್ಲಿ ನಡೆಯುತ್ತದೆ ಎಂಬುದನ್ನು ಗಮನಿಸಬೇಕು.

ಪರದೆಯ ಮುಂದೆ ಆಗುವುದೇನು? ತಲೆ 15 ಡಿಗ್ರಿ ಎಡಕ್ಕೆ ತಿರುಗಿತು. ಒಳಕಿವಿ 15 ಎಂದಿತು. ಪರದೆಯ ದೃಶ್ಯ 90 ಡಿಗ್ರಿ ತಿರುಗಿತು. ಕಣ್ಣು ಪರದೆಯ ಮೇಲೇ ಇರಬೇಕಾದ್ದರಿಂದ 15 ಡಿಗ್ರಿ ಬಲಕ್ಕೆ ಹೊರಳಿ ನಿಂತಿತು. ನಿಜವಾದ ವಿಮಾನದಲ್ಲಿ ಎಡಭುಜದಾಚೆ ನೋಡುವಾಗ ಕತ್ತೂ ಕಣ್ಣೂ ಎರಡೂ ಎಡಕ್ಕೆ ತಿರುಗಿರುತ್ತವೆ, ಸೊಂಟದಿಂದ ಮೇಲೆ ಮೈಯೂ ಸ್ವಲ್ಪ ತಿರುಗಿರುತ್ತದೆ. ಮನೆಯಲ್ಲಿ ಕಲಿತ ಕತ್ತಿನ ಅಭ್ಯಾಸ 22.5 ಡಿಗ್ರಿಯದು, ಆಕಾಶದಲ್ಲಿ ಬೇಕಾದ್ದು ಅದರ ಹಲವು ಪಟ್ಟು. ಕೆಲವರಿಗೆ ಅರ್ಧ ಗಂಟೆಯಲ್ಲಿ ಹೊಟ್ಟೆ ತೊಳಸುತ್ತದೆ. ಕಿವಿಯೂ ಕಣ್ಣೂ ಬೇರೆ ಬೇರೆ ವರದಿ ಕಳಿಸಿದಾಗ ಮಿದುಳು ಹೂಡುವ ಮುಷ್ಕರ ಇದು. ಆಕಾಶದಲ್ಲಿ ಇದು ಹುಡುಗಾಟದ ವಿಷಯವಲ್ಲ. ದಿಕ್ಕು ತಪ್ಪಿದ ಪೈಲಟ್‌ಗೆ ತನ್ನ ವಿಮಾನ ಮಟ್ಟವಾಗಿದೆಯೋ ವಾಲಿದೆಯೋ ತಿಳಿಯುವುದಿಲ್ಲ. ವಾಯುಪಡೆಯ ವೈಮಾನಿಕರಿಗೆ ಈ ಭ್ರಮೆಯ ಪರಿಚಯ ಮಾಡಿಸುವ ಕೆಲಸ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ನಡೆಯುತ್ತದೆ.

ತೇಜಸ್ ಯುದ್ಧವಿಮಾನದ ಪೈಲಟ್ ತೊಡುವ ಹೆಲ್ಮೆಟ್ಟಿನಲ್ಲೂ ತಲೆಯ ದಿಕ್ಕನ್ನು ಅಳೆಯುವ ವ್ಯವಸ್ಥೆಯಿದೆ ಎಂದು ಯಾರಾದರೂ ಹೇಳಬಹುದು. ಇದೆ. ಆದರೆ ಅಲ್ಲಿ ವರ್ಧನೆ ಒಂದು. ತಲೆ ತಿರುಗಿದಷ್ಟೇ ಕೋನಕ್ಕೆ ಗುರಿಯ ಗುರುತು ತಿರುಗುತ್ತದೆ, ಏಕೆಂದರೆ ನೋಡುತ್ತಿರುವುದು ಹೆಲ್ಮೆಟ್ಟಿನ ಗಾಜಿನಾಚೆಯ ನಿಜವಾದ ಆಕಾಶವನ್ನು. ಹಾಗೆಯೇ ವಿಮಾನ ಕಂಪನಿಗಳು ಬಳಸುವ ಪೂರ್ಣ ಪ್ರಮಾಣದ ಸಿಮ್ಯುಲೇಟರುಗಳಿಗೆ ಹೆಡ್ ಟ್ರ್ಯಾಕರ್ ಬೇಕಾಗುವುದಿಲ್ಲ. ಅಲ್ಲಿ ದೃಶ್ಯವೇ ಎಡದಿಂದ ಬಲಕ್ಕೆ ಪೈಲಟ್‌ಗಳನ್ನು ಬಳಸಿ ನಿಂತಿರುತ್ತದೆ. ಮನೆಯ ಹೆಡ್ ಟ್ರ್ಯಾಕರನ್ನು ಈ ಎರಡರ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಪರದೆ ಸಾಲದ್ದಕ್ಕೆ ಮಾಡಿಕೊಂಡ ಉಪಾಯ ಅದು, ಒಳ್ಳೆಯ ಉಪಾಯ. ಕಣ್ಣಿಗೇ ಕಟ್ಟುವ ವಿ.ಆರ್. ಪೆಟ್ಟಿಗೆಯಲ್ಲಿ ವರ್ಧನೆ ಒಂದೇ ಆಗಿರುವುದರಿಂದ ಕತ್ತಿನ ಅಭ್ಯಾಸ ಸರಿಯಾಗಿ ಆಗುತ್ತದೆ. ಆದರೆ ಅದನ್ನು ತೊಟ್ಟವರಿಗೆ ತಮ್ಮ ಕೈಯೇ ಕಾಣದು.

ಹಾಗಾದರೆ ಕಲಿಯುವವರಿಗೆ ಇದರಿಂದ ಏನೂ ಇಲ್ಲವೇ? ಇದೆ. ಯಾವ ಕ್ಷಣದಲ್ಲಿ ಎಲ್ಲಿ ನೋಡಬೇಕು ಎಂಬ ಕ್ರಮವನ್ನು ಇದು ಕಲಿಸುತ್ತದೆ. ರೆಕ್ಕೆ ಮೇಲಿರುವ ಸೆಸ್ನಾ 172ರಲ್ಲಿ ಎಡಕ್ಕೆ ಹೊರಳಿದೊಡನೆ ಎಡರೆಕ್ಕೆ ಇಳಿದು ರನ್‌ವೇಯನ್ನು ಮರೆಮಾಡುತ್ತದೆ. ಹೊರಳುವ ಮೊದಲೇ ನೋಡಿಕೊಳ್ಳಬೇಕು, ಬೇಕಾದರೆ ಮುಂದಕ್ಕೆ ಬಾಗಿ ರೆಕ್ಕೆಯ ಆಧಾರಕಂಬದಾಚೆ ಇಣುಕಬೇಕು. ಗುಂಡಿ ಒತ್ತಿ ನೋಟ ತಿರುಗಿಸುವವರು ಇದನ್ನು ಕಲಿಯಲಾರರು, ಆರು ಚಲನೆಗಳನ್ನು ಅಳೆಯುವ ಕಡ್ಡಿ ಕಲಿಸಬಲ್ಲದು. ಆರು ಚಲನೆಗಳ ಮಾತಿಗೆ ಬೆಲೆಯಿರುವುದು ಇಲ್ಲಿ. ಆದರೆ ಎಷ್ಟು ತಿರುಗಬೇಕು, ತಿರುಗಿದಾಗ ಮೈಗೆ ಏನೆನಿಸುತ್ತದೆ ಎಂಬುದು ವಿಮಾನದಲ್ಲೇ ಬರಬೇಕು. ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳ ಹಾರಾಟದ ಲೆಕ್ಕಕ್ಕೆ ಮನೆಯ ಗಂಟೆಗಳು ಒಂದೂ ಸೇರುವುದಿಲ್ಲ. ಇನ್ನು ಮಾಪಕಗಳನ್ನು ನೋಡಿಯೇ ಹಾರುವ ಅಭ್ಯಾಸಕ್ಕೆ ಹೆಡ್ ಟ್ರ್ಯಾಕರನ್ನು ಆರಿಸಿಬಿಡುವುದೇ ಮೇಲು. ಎಡ್ವಿನ್ ಲಿಂಕ್ 1920ರ ದಶಕದ ಕೊನೆಯಲ್ಲಿ ಕಟ್ಟಿದ ನೀಲಿ ಬಣ್ಣದ ಪುಟ್ಟ ಸಿಮ್ಯುಲೇಟರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಸಂಖ್ಯಾತ ಪೈಲಟ್‌ಗಳನ್ನು ತಯಾರು ಮಾಡಿತು. ಕಲಿಯುವವರನ್ನು ಅದರೊಳಗೆ ಕೂರಿಸಿ ಮುಚ್ಚಳ ಮುಚ್ಚಿಬಿಡುತ್ತಿದ್ದರು. ಹೊರನೋಟವೇ ಇರಲಿಲ್ಲ!

ಪದವಿ ತರಗತಿಗಳ ಪ್ರಯೋಗಶಾಲೆಯಲ್ಲಿ ಈ ಕಡ್ಡಿಗೆ ಜಾಗ ಸಿಗಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಮೂರು ಎಲ್.ಇ.ಡಿ., ಒಂದು ರೋಧಕ, ಒಂದು ವೆಬ್‌ಕ್ಯಾಮ್. ಇಷ್ಟರಲ್ಲಿ ಓಮನ ನಿಯಮ, ಯಥಾದೃಷ್ಟಿಯ ಜ್ಯಾಮಿತಿ, ದೋಷಗಳ ಸರಾಸರಿ, ಅವಕೆಂಪಿನ ಗುಣ ಎಲ್ಲವೂ ಅಡಕವಾಗಿವೆ. ಮಾರ್ಪಡಿಸಿದ ಪ್ರತಿ ಅಳತೆಗೂ ಉತ್ತರ ಕಣ್ಣೆದುರೇ ಅಲುಗಾಡುತ್ತದೆ.

ಕೊಳ್ಳುವವರಿಗೂ ಕಟ್ಟುವವರಿಗೂ ಒಂದು ಪರೀಕ್ಷೆ. ಪೆಟ್ಟಿಗೆಯ ಮೇಲೆ ಬರೆದ ಸ್ಪಂದನ ಕಾಲ ಕ್ಯಾಮೆರಾದ್ದು ಮಾತ್ರ. ನಮಗೆ ಬೇಕಾದ್ದು ತಲೆಯಿಂದ ಪರದೆಯವರೆಗಿನ ಒಟ್ಟು ವಿಳಂಬ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ನಿಧಾನಚಲನೆಯ ಸೌಲಭ್ಯ ಈಗ ಅನೇಕ ಮೊಬೈಲುಗಳಲ್ಲಿದೆ. ಕಡ್ಡಿಯೂ ಪರದೆಯೂ ಒಟ್ಟಿಗೆ ಕಾಣುವಂತೆ ಮೊಬೈಲನ್ನು ನಿಲ್ಲಿಸಿ, ಕಡ್ಡಿಯನ್ನು ಬೆರಳಿನಿಂದ ಥಟ್ಟನೆ ತಟ್ಟಿ ಚಿತ್ರೀಕರಿಸಿ. ಆಮೇಲೆ ಕಡ್ಡಿ ಅಲುಗಿದ ಫ್ರೇಮಿನಿಂದ ಪರದೆ ಅಲುಗಿದ ಫ್ರೇಮಿನವರೆಗೆ ಎಣಿಸಿ. 24 ಫ್ರೇಮು ಬಂದರೆ ನೂರು ಮಿಲಿಸೆಕೆಂಡು. ಐದಾರು ಸಲ ತಟ್ಟಿ ಸರಾಸರಿ ತೆಗೆಯಿರಿ. ಫಿಲ್ಟರನ್ನು ಹೆಚ್ಚಿಸಿ ಮತ್ತೆ ಎಣಿಸಿ, ತಗ್ಗಿಸಿ ಮತ್ತೆ ಎಣಿಸಿ. ಆಮೇಲೆ ಮಂಡಕಳ್ಳಿಯ ಸುತ್ತಿಗೆ ಹೋಗಿ, ರನ್‌ವೇ ತುದಿ ಎಡಭುಜದ ಹಿಂದೆ ಬಂದಾಗ ತಲೆಯನ್ನು ಅಲುಗಿಸದೆ ಹಿಡಿದು, ಆ 0.22 ಡಿಗ್ರಿಯ ಪಟ್ಟಿ ಕಣ್ಣಿಗೆ ನಿಲ್ಲುತ್ತದೆಯೋ ಇಲ್ಲವೋ ನೋಡಿ.